ಕಟ್ಟಿಗೆ ಒಡೆಯಲು ಒಂದು ಮೇಜು

ಕೊಣ್ಣೂರಿನ ಒಬ್ಬ ಅಕ್ಕ ನಮ್ಮ ರಾತ್ರಿ ವರ್ಗಕ್ಕೆ ಬರುತ್ತಿದ್ದರು. ಮನೆಯ ಕೆಲಸ ಮುಗಿಸಿ, ಮಕ್ಕಳಿಗೆ ಉಣ್ಣಲು ಕೊಟ್ಟು, ಎಲ್ಲರಿಗಿಂತ ಕೊನೆಗೆ ಬಂದು ಕೂಡುತ್ತಿದ್ದರು. ಓದುವುದರಲ್ಲಿ ಬಹಳ ಚುರುಕು. ಆದರೆ ಕೆಲವು ದಿನ ಬರೆಯಲು ಕುಳಿತರೆ ಅವರ ಕೈ ನಡುಗುತ್ತಿತ್ತು.

“ಯಾಕ್ರೀ ಅಕ್ಕಾ, ಏನಾತು?” ಎಂದು ಕೇಳಿದೆ.

“ಏನಿಲ್ರೀ ಅಕ್ಕೋರ. ಇವತ್ತ ಕಟಗಿ ಒಡದೇನಿ. ರಟ್ಟಿ ಸೋತಾವು. ಅಕ್ಷರ ಗೆರಿ ಮ್ಯಾಲ ನಿಂದ್ರವಲ್ವು.”

ಆಗ ಉಳಿದವರೂ ಮಾತಿಗೆ ಬಂದರು. ಒಬ್ಬರು ಸೊಂಟ ಹಿಡಿದದ್ದನ್ನು ಹೇಳಿದರು. ಒಬ್ಬರು ಹೆಬ್ಬೆರಳಿನ ಉಗುರು ತೋರಿಸಿದರು. ಅದು ಅರ್ಧ ಇರಲಿಲ್ಲ. ಇನ್ನೊಬ್ಬ ದೊಡ್ಡವ್ವ ಕಣ್ಣಿಗೆ ಸಿಬಿರು ಸಿಡಿದು ಎಂಟು ದಿನ ಕಣ್ಣು ಬಿಟ್ಟಿರಲಿಲ್ಲ. ಅವತ್ತು ಪಾಠ ಅಲ್ಲಿಗೇ ನಿಂತಿತು.

ಒಂದು ವಿಚಾರ ಮಾಡಿ ನೋಡಿ. ಹೊಲದ ಕೆಲಸಕ್ಕೆ ರಂಟೆ ಇದೆ, ಕುಂಟೆ ಇದೆ, ಕೂರಿಗೆ ಇದೆ. ಗಂಡಸರು ಬಡಿಗ್ಯಾರ ಹತ್ತಿರ ಹೋಗುತ್ತಾರೆ. ಎದುರಿಗೆ ನಿಂತು, ತಮ್ಮ ಕೈಗೆ ಸರಿಯಾಗಿ ಸಿಗುವಂತೆ ಮಾಡಿಸಿಕೊಂಡು ಬರುತ್ತಾರೆ. ಹೆಂಗಸರು ದಿನಾ ಕಟ್ಟಿಗೆ ಒಡೆಯುತ್ತಾರೆ. ಅದಕ್ಕೆ ಏನಿದೆ? ಕಾವು ಸಡಿಲಾದ ಒಂದು ಕೊಡಲಿ. ಕೆಳಗೆ ನೆಲ. ಅಷ್ಟೇ.

“ಈಗ ಗ್ಯಾಸ್ ಬಂದೈತಲ್ರೀ” ಎಂದು ಯಾರಾದರೂ ಹೇಳಬಹುದು. ನಿಜ. 2016ರಲ್ಲಿ ಉಜ್ವಲಾ ಯೋಜನೆ ಶುರುವಾಯಿತು. ಬಹಳ ಮನೆಗಳಿಗೆ ಸಿಲಿಂಡರ್ ಬಂತು. ಆದರೆ ಹಂಡೆ ನೀರು ಕಾಯಿಸಲು ಕಟ್ಟಿಗೆಯೇ ಬೇಕು. ಹತ್ತು ಜನರಿಗೆ ರೊಟ್ಟಿ ಬಡಿಯುವಾಗ ಒಲೆ ಬೇಕು. ಸಿಲಿಂಡರ್ ತೀರಿ, ಕೈಯಲ್ಲಿ ರೊಕ್ಕ ಇಲ್ಲದಾಗಲೂ ಒಲೆಯೇ ಗತಿ. ಹಾಗಾಗಿ ಕೊಡಲಿ ಇನ್ನೂ ಮೂಲೆ ಸೇರಿಲ್ಲ.

ನಮ್ಮದು ಎರೆ ಭೂಮಿ. ಗಿಡಮರ ಕಡಿಮೆ. ಹತ್ತಿ ಕಟಗಿ, ತೊಗರಿ ಕಟಗಿ ಸಿಗುತ್ತವೆ. ಅವು ಭರ್ ಎಂದು ಉರಿದು ಆರಿಹೋಗುತ್ತವೆ. ನಿಂತು ಉರಿಯಬೇಕೆಂದರೆ ಜಾಲಿ ಬೇಕು. ಹಳ್ಳದ ದಂಡೆ, ಕಾಲುವೆ ದಂಡೆಯಲ್ಲಿ ಬಳ್ಳಾರಿ ಜಾಲಿ ಬೆಳೆದಿರುತ್ತದೆ. ಅದು ಗಟ್ಟಿ, ಒಡೆಯಲು ಮೊಂಡು.

ಒಡೆಯದೆ ಹಾಗೇ ಒಲೆಗೆ ಇಟ್ಟರೆ ಏನಾಗುತ್ತದೆ? ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರಬಹುದು. ಮೇಲಿನ ತೊಗಟೆ ಆ ನೀರನ್ನು ಹೊರಗೆ ಬಿಡುವುದಿಲ್ಲ. ಸೀಳಿ ಇಟ್ಟರೆ ಒಳಮೈಗೆ ಗಾಳಿ ಬಿಸಿಲು ತಾಗುತ್ತದೆ, ಬೇಗ ಒಣಗುತ್ತದೆ. ಒಣಗಿದ ಸಣ್ಣ ಸೀಳು ಚೆನ್ನಾಗಿ ಉರಿಯುತ್ತದೆ. ಹಸಿ ದಪ್ಪ ತುಂಡು ಹೊಗೆ ಹಾಕುತ್ತದೆ. ಆ ಹೊಗೆ ಹೋಗುವುದು ನಮ್ಮ ಕಣ್ಣಿಗೆ, ನಮ್ಮ ಎದೆಗೆ. ಆದ್ದರಿಂದ ಒಡೆಯುವುದನ್ನು ಬಿಡುವಂತಿಲ್ಲ. ಒಡೆಯುವ ರೀತಿಯನ್ನು ಬದಲು ಮಾಡಬಹುದು.

ಈಗ ನಾವು ಹೇಗೆ ಒಡೆಯುತ್ತೇವೆ? ನೆಲದ ಮೇಲೆ ತುಂಡು ಇಡುತ್ತೇವೆ. ಕೊಡಲಿ ಎತ್ತುತ್ತೇವೆ, ಬಗ್ಗಿ ಹೊಡೆಯುತ್ತೇವೆ. ತುಂಡು ಸಿಡಿದು ಅತ್ತ ಒಂದು, ಇತ್ತ ಒಂದು ಬೀಳುತ್ತದೆ. ಮತ್ತೆ ಬಗ್ಗಿ ಆರಿಸಿ ತಂದು ನಿಲ್ಲಿಸುತ್ತೇವೆ. ಒಂದು ತುಂಡನ್ನು ನಾಲ್ಕು ಸೀಳು ಮಾಡಲು ಎಷ್ಟು ಸಲ ಬಗ್ಗುತ್ತೀರಿ? ನಾಳೆ ಎಣಿಸಿ ನೋಡಿ. ಪಾಟಿಯ ಮೇಲೆ ಒಂದೊಂದು ಗೆರೆ ಎಳೆಯಿರಿ. ಹೊಡೆತಕ್ಕಿಂತ ಬಗ್ಗಿದ್ದೇ ಹೆಚ್ಚಿರುತ್ತದೆ.

ಚಳಿ ದೇಶಗಳಲ್ಲೂ ಇದೇ ತೊಂದರೆ ಇದೆ. ಅಲ್ಲಿ ಮನೆ ಬೆಚ್ಚಗಿಡಲು ರಾಶಿ ರಾಶಿ ಕಟ್ಟಿಗೆ ಬೇಕು. ಅದಕ್ಕೆ ಯಂತ್ರ ಮಾಡಿಕೊಂಡಿದ್ದಾರೆ. ಎಣ್ಣೆಯ ಒತ್ತಡದಿಂದ ಒಂದು ದಪ್ಪ ಕಬ್ಬಿಣದ ದಿಂಡು ಮುಂದೆ ಬರುತ್ತದೆ. ಅದು ತುಂಡನ್ನು ದೂಡಿ ಬೆಣೆಗೆ ಒತ್ತುತ್ತದೆ, ತುಂಡು ಸೀಳುತ್ತದೆ. ಜೆಸಿಬಿಯ ತೋಳು ಏಳುವುದೂ ಇಂಥ ಎಣ್ಣೆಯ ಒತ್ತಡದಿಂದಲೇ. ಇಷ್ಟು ದೊಡ್ಡ ಯಂತ್ರ ಇದ್ದರೂ ಸೀಳಿದ ಹೋಳುಗಳು ಕೆಳಗೆ ಬೀಳುತ್ತವೆ. ಬಗ್ಗಿ ಎತ್ತಬೇಕು. ಅದಕ್ಕೆ ಅಲ್ಲಿನ ಜನ ಯಂತ್ರದ ಮಗ್ಗುಲಿಗೆ ಒಂದು ಮೇಜು ಜೋಡಿಸಿಕೊಳ್ಳುತ್ತಾರೆ. ಹೋಳು ಮೇಜಿನ ಮೇಲೇ ನಿಲ್ಲುತ್ತದೆ. ಯಂತ್ರ ನಮಗೆ ಬೇಡ. ಮೇಜಿನ ವಿಚಾರ ಮಾತ್ರ ನಾವು ತೆಗೆದುಕೊಳ್ಳೋಣ.

ನ್ಯೂಜಿಲೆಂಡ್ ಎಂಬ ದೇಶದ ಒಬ್ಬ ಶಾಲೆ ಹುಡುಗಿಯ ಸಂಗತಿಯೂ ಇಲ್ಲಿ ಬರುತ್ತದೆ. ಅವಳ ಹೆಸರು ಆಯ್ಲಾ ಹಚಿನ್ಸನ್. ಹತ್ತು ವರ್ಷಕ್ಕೂ ಹಿಂದಿನ ಮಾತು. ಅವಳ ತಾಯಿ ಸಣ್ಣ ಕಟ್ಟಿಗೆ ಸೀಳುವಾಗ ಬೆರಳು ಕೊಯ್ದುಕೊಂಡಳು. ಹುಡುಗಿ ವಿಚಾರ ಮಾಡಿದಳು. ಕೊಡಲಿ ಕೈಯಲ್ಲಿ ತಿರುಗುವುದರಿಂದ ತಾನೇ ಗಾಯ ಆಗುವುದು? ಕೊಡಲಿ ನಿಂತಿರಲಿ, ಕಟ್ಟಿಗೆಯೇ ಅದರ ಮೇಲೆ ಇಳಿಯಲಿ. ಅಲಗನ್ನು ಮೇಲ್ಮುಖ ಮಾಡಿ ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿದಳು. ಅದರ ಮೇಲೆ ಕಟ್ಟಿಗೆ ನಿಲ್ಲಿಸಿ, ಮೇಲಿಂದ ಸುತ್ತಿಗೆಯಲ್ಲಿ ಹೊಡೆಯುವುದು. ಶಾಲೆಯ ವಿಜ್ಞಾನ ಮೇಳಕ್ಕೆಂದು ಮಾಡಿದ್ದು ಆಮೇಲೆ ಬೇರೆ ದೇಶಗಳಿಗೂ ಮಾರಾಟಕ್ಕೆ ಹೋಯಿತು.

ಇದನ್ನು ವರ್ಗದಲ್ಲಿ ಹೇಳಿದಾಗ ಉಗುರು ಒಡೆದ ಅಕ್ಕ ನಕ್ಕುಬಿಟ್ಟರು. “ಇದು ನಮ್ಮ ಈಳಿಗೀನ ಅಲ್ಲೇನ್ರೀ ಅಕ್ಕೋರ? ಈಳಿಗಿ ನಿಂತಿರತೈತಿ, ಬದನಿಕಾಯಿ ಹೋಗತೈತಿ.”

ಹೌದಲ್ಲ! ನನಗೆ ಅದು ಹೊಳೆದೇ ಇರಲಿಲ್ಲ. ಅವತ್ತಿನಿಂದ ನಾವು ಅದಕ್ಕೆ ಈಳಿಗಿ ಕೊಡಲಿ ಎಂದೇ ಹೆಸರಿಟ್ಟೆವು.

ಈಗ ಮಾಡುವುದು ಹೇಗೆ ನೋಡೋಣ. ಇದಕ್ಕೆ ಬಡಿಗ್ಯಾರ ಕಾಕಾ ಬೇಕು, ಕಂಬಾರ ಅಣ್ಣ ಬೇಕು. ಆದರೆ ಮೊದಲು ಬೇಕಾದದ್ದು ಒಂದು ಚೀಟಿ, ಒಂದು ಪೆನ್ನು. ಯಾಕೆ ಎಂದರೆ ಮೊದಲ ಸಲ ನಾವು ಚೀಟಿ ಬರೆಯಲಿಲ್ಲ. ಬಾಯಲ್ಲಿ ಹೇಳಿ ಬಂದೆವು. ಕಾಕಾ ಪಾಪ ತನ್ನ ಎತ್ತರಕ್ಕೆ ಹೊಂದಿಸಿಬಿಟ್ಟ. ಅಕ್ಕ ಒಡೆಯಲು ನಿಂತರೆ ತುಂಡಿನ ತಲೆ ಮೊಣಕೈಗಿಂತ ಮೇಲೆ ಬಂತು. ತೋಳು ತಲೆಯ ಮೇಲೆತ್ತಿ ಹೊಡೆಯಬೇಕಾಯಿತು. ಸೊಂಟದ ನೋವು ಹೋಗಿ ಭುಜದ ನೋವು ಬಂತು.

ಅಳತೆ ಹೀಗೆ ತೆಗೆಯಿರಿ. ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ನಿಲ್ಲಿರಿ. ಕೈ ಮಡಚಿ. ನೆಲದಿಂದ ಮೊಣಕೈವರೆಗೆ ಟೇಪಿನಿಂದ ಅಳೆಯಿರಿ. ಟೇಪು ಇಲ್ಲದಿದ್ದರೆ ಮಕ್ಕಳ ಸ್ಕೇಲು ಸಾಕು. 5 ಅಡಿ ಎತ್ತರದ ಹೆಂಗಸಿಗೆ ಅದು ಸುಮಾರು 38 ಇಂಚು ಬರುತ್ತದೆ. ಹೊಡೆಯುವ ತುಂಡಿನ ತಲೆ ಮೊಣಕೈಗಿಂತ ನಾಲ್ಕು ಬೆರಳು ಕೆಳಗಿರಬೇಕು. ನಾಲ್ಕು ಬೆರಳು ಎಂದರೆ ಸುಮಾರು 3 ಇಂಚು. ತುಂಡಿನ ಉದ್ದ 1 ಅಡಿ, ಅಂದರೆ 12 ಇಂಚು. ಅಲಗು ಬೊಡ್ಡೆಯಿಂದ ಮೇಲೆ 3 ಇಂಚು ಕಾಣುತ್ತದೆ. ಇವನ್ನೆಲ್ಲ ಕಳೆಯಿರಿ.

ಮೊಣಕೈ ಎತ್ತರ 38 ಇಂಚು
ಕಳೆ ನಾಲ್ಕು ಬೆರಳು 3 ಇಂಚು
ಕಳೆ ತುಂಡಿನ ಉದ್ದ 12 ಇಂಚು
ಕಳೆ ಅಲಗು 3 ಇಂಚು
ಉಳಿದದ್ದು 20 ಇಂಚು

ಬೊಡ್ಡೆ ನೆಲದಿಂದ ಮೇಲೆ 20 ಇಂಚು ಇರಬೇಕು. ಇದು ಆ ಅಕ್ಕನ ಲೆಕ್ಕ. ನಿಮ್ಮ ಲೆಕ್ಕ ಬೇರೆ ಬರುತ್ತದೆ. ನಿಮ್ಮ ಮೊಣಕೈ ಅಳೆದು ನೀವೇ ಬರೆಯಿರಿ. ಚೀಟಿಯ ಮೇಲೆ ನಿಮ್ಮ ಹೆಸರೂ ಇರಲಿ.

ಬೊಡ್ಡೆಗೆ ಕರಿಜಾಲಿ ಒಳ್ಳೆಯದು. ಬಂಡಿ ಗಾಲಿಗೆ, ರಂಟೆಗೆ ಹಾಕುವ ಕಟ್ಟಿಗೆ ಅದೇ. ಬೇವು ಅಷ್ಟು ತಾಳುವುದಿಲ್ಲ. ಕವಲು ಒಡೆದ ಜಾಗದ ಬೊಡ್ಡೆ ಸಿಕ್ಕರೆ ಬಿಡಬೇಡಿ. ಅಲ್ಲಿ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಒಲೆಗೆ ಸೀಳಲು ಹೋದರೆ ಅದು ಸೀಳುವುದಿಲ್ಲ, ಎಲ್ಲರೂ ಬೈದು ಮೂಲೆಗೆ ಒಗೆದಿರುತ್ತಾರೆ. ಬೊಡ್ಡೆಗೆ ನಮಗೆ ಬೇಕಾದದ್ದು ಅಂಥದ್ದೇ. ಅಗಲ ಒಂದು ಅಡಿಗಿಂತ ಎರಡು ಇಂಚು ಹೆಚ್ಚೇ ಇರಲಿ. ನೆಲದೊಳಗೆ 12 ಇಂಚು ಹೋಗಬೇಕು. 20ಕ್ಕೆ 12 ಕೂಡಿಸಿದರೆ 32. ಇಷ್ಟು ಉದ್ದ ಬೇಕೆಂದು ಚೀಟಿಯಲ್ಲಿ ಬರೆಯಿರಿ.

ಬೊಡ್ಡೆಯ ತಲೆಗೆ ಕಂಬಾರನಿಂದ ಒಂದು ಕಬ್ಬಿಣದ ಪಟ್ಟಿ ಹಾಕಿಸಿ. ಬಂಡಿ ಗಾಲಿಗೆ ಹಳಿ ಬಿಗಿಯುವುದನ್ನು ನೀವು ನೋಡಿರಬಹುದು. ಹಳಿಯನ್ನು ಕೆಂಪಗೆ ಕಾಯಿಸುತ್ತಾರೆ. ಕಾದ ಕಬ್ಬಿಣ ಹಿಗ್ಗುತ್ತದೆ, ಗಾಲಿಯ ಮೇಲೆ ಸಲೀಸಾಗಿ ಕೂರುತ್ತದೆ. ನೀರು ಹಾಕಿದ ಕೂಡಲೇ ಕುಗ್ಗಿ ಹಿಡಿದುಕೊಳ್ಳುತ್ತದೆ. ಇಲ್ಲೂ ಹಾಗೆಯೇ. ಪಟ್ಟಿ ಇಲ್ಲದಿದ್ದರೆ ನಾಲ್ಕು ತಿಂಗಳಿಗೆ ಬೊಡ್ಡೆಯೇ ಒಡೆದು ಒಲೆಗೆ ಹೋದೀತು.

ಅಲಗಿಗೆ ಹೊಸ ಕಬ್ಬಿಣ ಬೇಡ. ಕಾವು ಮುರಿದ ಹಳೆಯ ಕೊಡಲಿ ಮನೆಯಲ್ಲಿ ಎಲ್ಲಾದರೂ ಬಿದ್ದಿರುತ್ತದೆ. ಬೊಡ್ಡೆಯ ನಡುವೆ ಬಡಿಗ್ಯಾರರು ಉಳಿಯಿಂದ 4 ಇಂಚು ಆಳದ ಸೀಳುಗಂಡಿ ಕೊರೆಯಬೇಕು. ಗಂಡಿಯ ತಳಕ್ಕೆ ಒಂದು ಕಬ್ಬಿಣದ ಚೂರು ಹಾಕಿ. ಅದರ ಮೇಲೆ ಕೊಡಲಿಯ ಬೆನ್ನು ಕೂರಬೇಕು, ಬಾಯಿ ಮೇಲಕ್ಕೆ ಇರಬೇಕು. ಆ ಚೂರು ಇಲ್ಲದಿದ್ದರೆ ಹೊಡೆದಂತೆ ಹೊಡೆದಂತೆ ಕೊಡಲಿ ಕೆಳಗೆ ಇಳಿಯುತ್ತ ಹೋಗುತ್ತದೆ. ಕಾವು ಹಾಕುವ ತೂತಿನಲ್ಲಿ, ಬೊಡ್ಡೆಯ ಈ ಮಗ್ಗುಲಿನಿಂದ ಆ ಮಗ್ಗುಲಿಗೆ, ಒಂದು ದಪ್ಪ ಕಬ್ಬಿಣದ ಸಳಿ ಹಾಯಿಸಿ. ಸುತ್ತಲೂ ಕಟ್ಟಿಗೆಯ ಬೆಣೆ ಬಿಗಿಯಿರಿ. ಅಲ್ಲಾಡಬಾರದು.

ಅಲಗಿನ ಸುತ್ತ ನಾಲ್ಕು ಕಾಲಿನ ಒಂದು ಕಬ್ಬಿಣದ ಬಳೆ ನಿಲ್ಲಿಸಬೇಕು. ಬಳೆ ಒಳಗೆ 7 ಇಂಚು ಅಗಲ, ಅಲಗಿನಿಂದ ಮೇಲೆ 8 ಇಂಚು ಎತ್ತರ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ಕಾಲುಗಳನ್ನು ಬೊಡ್ಡೆಗೆ ಬೋಲ್ಟಿನಿಂದ ಬಿಗಿಸಿ. ಈ ಬಳೆ ಯಾಕೆ? ತುಂಡು ತಾನಾಗಿ ನಿಲ್ಲಲಿ ಎಂದು. ನಿಮ್ಮ ಕೈ ಅದನ್ನು ಹಿಡಿದುಕೊಳ್ಳುವ ಕೆಲಸವೇ ಇಲ್ಲ. ರೊಕ್ಕ ಕಡಿಮೆ ಬಿದ್ದರೆ ಬೇರೆ ಏನನ್ನಾದರೂ ಬಿಡಿ, ಬಳೆಯನ್ನು ಬಿಡಬೇಡಿ ಎಂದು ನಾನು ಹೇಳುತ್ತೇನೆ. ಬೆರಳು ಉಳಿಸುವುದು ಅದೇ.

ನೆಡುವಾಗ ಒಂದು ಎಚ್ಚರಿಕೆ. ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಉಬ್ಬುತ್ತದೆ. ಅದರಲ್ಲಿ ನೆಟ್ಟ ಕಂಬ ವರ್ಷದೊಳಗೆ ಸಡಿಲಾಗುತ್ತದೆ. ಹಾಗಾಗಿ ಗುಂಡಿಯನ್ನು ಬೊಡ್ಡೆಗಿಂತ ಸುತ್ತಲೂ ಒಂದು ಗೇಣು ಹೆಚ್ಚು ಅಗಲ ತೋಡಿ. ತಳಕ್ಕೆ ಚಪ್ಪಟೆ ಕಲ್ಲು ಹಾಕಿ. ಬೊಡ್ಡೆ ಇಳಿಸಿ, ಸುತ್ತಲೂ ಗರಸು ಮತ್ತು ಸಣ್ಣ ಕಲ್ಲು ತುಂಬಿ, ಹಾರೆಯಿಂದ ಜಡಿಯಿರಿ. ತೋಡಿದ ಎರೆ ಮಣ್ಣನ್ನು ತಿರುಗಿ ಹಾಕಬೇಡಿ. ನಾವು ಮೊದಲು ಎತ್ತರ ತಪ್ಪಿಸಿದ್ದೆವಲ್ಲ, ಅದನ್ನು ಸರಿ ಮಾಡಿದ್ದೂ ಇಲ್ಲೇ. ಬೊಡ್ಡೆಯನ್ನು ಕೊಯ್ಯಲಿಲ್ಲ. ಗುಂಡಿಯನ್ನೇ 5 ಇಂಚು ಹೆಚ್ಚು ಆಳ ಮಾಡಿದೆವು.

ಇನ್ನು ಮೇಜು. ಬೊಡ್ಡೆಯ ಎಡಕ್ಕೊಂದು, ಬಲಕ್ಕೊಂದು ಹಲಗೆ. ಹಳೆಯ ಬಾಗಿಲಿನ ಹಲಗೆ ಆದೀತು, ಮುರಿದ ಬಂಡಿಯ ಹಲಗೆ ಆದೀತು. ಒಂದೊಂದು ಹಲಗೆ ಒಂದು ಮೊಳ ಅಗಲ, ಎರಡು ಅಡಿ ಉದ್ದ ಇದ್ದರೆ ಸಾಕು. ಬೊಡ್ಡೆಯ ತಲೆಗಿಂತ ಹಲಗೆ 1 ಇಂಚು ಕೆಳಗೆ ಇರಬೇಕು. ಒಂದು ಅಂಚು ಬೊಡ್ಡೆಗೆ ಬಡಿದ ದಪ್ಪ ಪಟ್ಟಿಯ ಮೇಲೆ ಕೂರುತ್ತದೆ. ಇನ್ನೊಂದು ಅಂಚಿಗೆ ಎರಡು ಕಾಲು. ಆ ಪಟ್ಟಿಗೆ ಮೊಳೆ ಹೊಡೆದರೆ ಹೊಡೆತದ ಅದುರಿಗೆ ಮೊಳೆ ಎದ್ದುಬರುತ್ತದೆ. ಬೋಲ್ಟು ಹಾಕಿಸಿ, ಕೆಳಗೆ ವಾಯ್ಸರ್ ಇರಲಿ. ಹೊರ ಅಂಚಿಗೆ ಎರಡು ಬೆರಳು ಎತ್ತರದ ಪಟ್ಟಿ ಬಡಿದರೆ ಹೋಳು ಉರುಳಿ ಬೀಳುವುದಿಲ್ಲ. ಬಲಗಡೆಯ ಹಲಗೆಗಳ ನಡುವೆ ಬೆರಳು ಸಂದಿ ಬಿಡಿ. ಚಕ್ಕೆ, ಹೊಟ್ಟು ಆ ಸಂದಿಯಿಂದ ಕೆಳಗೆ ಬೀಳುತ್ತವೆ. ಕೆಳಗೆ ಬುಟ್ಟಿ ಇಟ್ಟರೆ ಒಲೆ ಹಚ್ಚಲು ಬೇಕಾದ ಸಿಬಿರು ತಾನಾಗಿ ಕೂಡಿಕೊಳ್ಳುತ್ತದೆ.

ಇಷ್ಟಾದರೂ ಒಂದು ಕೊರತೆ ಇತ್ತು. ಒಡೆಯಬೇಕಾದ ತುಂಡುಗಳು ಇನ್ನೂ ನೆಲದ ಮೇಲೇ ಇದ್ದವು. ಅದಕ್ಕೆ ಎಡಗಡೆ ಹಲಗೆಯ ಆಚೆ ತುದಿಗೆ ಇನ್ನೊಂದು ಸಣ್ಣ ಅಟ್ಟ ಮಾಡಿಸಿದೆವು. ಅದು ನೆಲದಿಂದ 30 ಇಂಚು, ಸೊಂಟಕ್ಕೆ ಸಮ. ಬೆಳಿಗ್ಗೆ ಒಮ್ಮೆ ತುಂಡುಗಳನ್ನು ಅಲ್ಲಿ ಏರಿಸಿಟ್ಟರೆ ಆಯಿತು. ಆಮೇಲೆ ಕೈ ಚಾಚಿದರೆ ಸಿಗುತ್ತವೆ. ಬಗ್ಗುವುದು ಪೂರ್ತಿ ತಪ್ಪಿತು ಎಂದು ನಾನು ಹೇಳುವುದಿಲ್ಲ. ಬಹಳಷ್ಟು ತಪ್ಪಿತು.

ಹೊಡೆಯಲು ಕಬ್ಬಿಣದ ಸುತ್ತಿಗೆ ತೆಗೆದುಕೊಳ್ಳಬೇಡಿ. ತುಂಡು ಸೀಳಿದ ಕೂಡಲೇ ಸುತ್ತಿಗೆ ಅಲಗಿಗೆ ಬಡಿಯಬಹುದು. ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಚೂರು ಹಾರಿ ಕಣ್ಣಿಗೆ ಬಂದೀತು. ಕಟ್ಟಿಗೆಯ ಕೊಡತಿಯೇ ಸರಿ.

ಬಳೆಯೊಳಗೆ ತುಂಡು ನಿಲ್ಲಿಸಿ. ಅಲಗು ನಿಮ್ಮ ಕಡೆಯಿಂದ ಆಚೆಗೆ ಉದ್ದಕ್ಕೆ ಇರಬೇಕು. ಆಗ ಹೋಳುಗಳು ಎಡಕ್ಕೂ ಬಲಕ್ಕೂ ಬೀಳುತ್ತವೆ, ನಿಮ್ಮ ಕಡೆಗೆ ಅಲ್ಲ. ಮೊದಲು ಹಗುರವಾಗಿ ಒಂದು ಹೊಡೆಯಿರಿ. ಅಲಗು ಕಚ್ಚಿಕೊಳ್ಳುತ್ತದೆ. ಆಮೇಲೆ ಜೋರಾಗಿ ಹೊಡೆಯಿರಿ. ಕಟ್ಟಿಗೆಯ ಎಳೆಗಳು ಕಬ್ಬಿನ ಎಳೆಗಳಂತೆ ಉದ್ದಕ್ಕೆ ಇರುತ್ತವೆ. ಕಬ್ಬನ್ನು ಉದ್ದಕ್ಕೆ ಸೀಳುವುದು ಸುಲಭ, ಅಡ್ಡ ಮುರಿಯುವುದು ಕಷ್ಟ. ಕೊಡಲಿ ಬೀಸುವಾಗ ಒಂದು ಏಟು ಇಲ್ಲಿ, ಒಂದು ಏಟು ಅಲ್ಲಿ ಬೀಳುತ್ತದೆ. ಇಲ್ಲಿ ಪ್ರತಿ ಏಟಿಗೂ ಅಲಗು ಅದೇ ಸೀಳಿನಲ್ಲಿ ಇನ್ನಷ್ಟು ಒಳಗೆ ಹೋಗುತ್ತದೆ. ಅದಕ್ಕೇ ಕಡಿಮೆ ಶಕ್ತಿ ಸಾಕು. ತುಂಡು ಬಳೆಗಿಂತ ಕೆಳಗೆ ಇಳಿದು ಸಿಕ್ಕಿಕೊಂಡರೆ ಕೈ ಹಾಕಬೇಡಿ. ಅದರ ಮೇಲೆ ಇನ್ನೊಂದು ತುಂಡು ನಿಲ್ಲಿಸಿ ಹೊಡೆಯಿರಿ.

ತೋಳಿನ ಗಾತ್ರದ ಕಟ್ಟಿಗೆಗೆ ಇದು ಸರಿ. 5 ಇಂಚಿಗಿಂತ ದಪ್ಪ ಇದ್ದರೆ, ಗಂಟು ಇದ್ದರೆ, ಇದರ ಮೇಲೆ ಹಟ ಮಾಡಬೇಡಿ. ಅಂಥದ್ದನ್ನು ಮೊದಲು ಬೆಣೆ ಹೊಡೆದು ಎರಡು ಮಾಡಿಸಿ. ಅಥವಾ ಗಂಡಸರಿಗೆ ಹೇಳಿ. ಅವರಿಗೂ ರಟ್ಟೆ ಇವೆ.

ಜಾಲಿಯ ಮುಳ್ಳನ್ನು ಮೊದಲೇ ಸವರಿ ತೆಗೆಯಿರಿ. ಸೆರಗು ಸೊಂಟಕ್ಕೆ ಬಿಗಿಯಿರಿ. ಗಾಜಿನ ಬಳೆ ಒಡೆದು ಮಣಿಕಟ್ಟಿಗೆ ಚುಚ್ಚುವುದುಂಟು, ಮೇಲೆ ಏರಿಸಿ ಬಟ್ಟೆ ಸುತ್ತಿಕೊಳ್ಳಿ. ಕೂಸುಗಳು ಹತ್ತಿರ ಇರಬಾರದು. ಕೆಲಸ ಮುಗಿದ ಮೇಲೆ ಅಲಗಿಗೆ ಮುಚ್ಚಳ ಬೇಕೇ ಬೇಕು. ಬಡಿಗ್ಯಾರರು ಒಂದು ಕಟ್ಟಿಗೆಯ ಟೊಪ್ಪಿಗೆ ಮಾಡಿಕೊಡುತ್ತಾರೆ. ಕತ್ತಲಲ್ಲಿ ಎಡವಿ ಯಾರಾದರೂ ಕೈ ಊರಿದರೆ ಏನು ಗತಿ? ಗಾಯ ಆದರೆ ಅರಿಷಿಣ ಮೆತ್ತಿ ಸುಮ್ಮನೆ ಕೂಡಬೇಡಿ. ಸಾಬೂನು ನೀರಿನಿಂದ ತೊಳೆದು, ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯು ಬಾರದ ಹಾಗೆ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಸೀಳಿದ ಕಟ್ಟಿಗೆಯನ್ನು ನೆಲದ ಮೇಲೆ ಒಟ್ಟಬೇಡಿ. ಚೇಳು ಸೇರುತ್ತದೆ, ಹಾವು ಸೇರುತ್ತದೆ, ಗೆದ್ದಲು ಹತ್ತುತ್ತದೆ. ನಾಲ್ಕು ಕಲ್ಲಿನ ಮೇಲೆ ಎರಡು ಗಳ ಹಾಕಿ ಅದರ ಮೇಲೆ ಒಟ್ಟಿರಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿಗೆ ನೀರು ನುಗ್ಗಿತ್ತು. ಅಂಥ ನೆರೆಗೆ ಯಾವ ಅಟ್ಟವೂ ಸಾಲದು. ಆದರೆ ಪ್ರತಿ ವರ್ಷದ ಮಳೆಯ ತೇವ ಕಲ್ಲಿನ ಎತ್ತರಕ್ಕೇ ತಪ್ಪುತ್ತದೆ. ಮಳೆಗಾಲಕ್ಕೆ ಮೊದಲು ಮೇಜಿನ ಹಲಗೆ ಬಿಚ್ಚಿ ಒಳಗಿಡಿ. ಅಲಗಿಗೆ, ಬಳೆಗೆ ಎಣ್ಣೆ ಸವರಿ.

ಒಂದು ಮನೆಗೆ ಒಂದೇ ಬೇಕೆಂದಿಲ್ಲ. ಅಕ್ಕನ ಓಣಿಯಲ್ಲಿ ನಾಲ್ಕು ಮನೆಯವರು ಕೂಡಿ ಬಳಸುತ್ತಾರೆ. ಒಬ್ಬರು ಹಳೆ ಕೊಡಲಿ ಕೊಟ್ಟರು, ಒಬ್ಬರು ಹಲಗೆ ಕೊಟ್ಟರು. ಕೂಲಿಯನ್ನು ನಾಲ್ಕು ಪಾಲು ಮಾಡಿದರು. ಬೊಡ್ಡೆಯನ್ನು ಅಕ್ಕನ ಅಳತೆಗೆ ನೆಟ್ಟಾಗಿತ್ತು. ಮಗ್ಗುಲ ಮನೆಯ ಸೊಸೆ ಗಿಡ್ಡ. ಅವಳ ಮೊಣಕೈ ಅಳೆದರೆ 35 ಇಂಚು ಬಂತು. ಅವಳು ತಾನೇ ಪಾಟಿ ತೆಗೆದುಕೊಂಡು 38ರಲ್ಲಿ 35 ಕಳೆದಳು. ಆಮೇಲೆ ಹಿತ್ತಲಿನಿಂದ 3 ಇಂಚು ದಪ್ಪದ ಅಗಲವಾದ ಒಂದು ಹಾಸುಗಲ್ಲು ಉರುಳಿಸಿಕೊಂಡು ಬಂದು, ಅಲ್ಲಾಡದಂತೆ ಬೊಡ್ಡೆಯ ಮುಂದೆ ಹಾಸಿದಳು. ತನ್ನ ಪಾಳಿ ಬಂದಾಗ ಅದರ ಮೇಲೆ ನಿಂತು ಒಡೆಯುತ್ತಾಳೆ. ಅಕ್ಕ ಬಂದಾಗ ಕಲ್ಲನ್ನು ಮಗ್ಗುಲಿಗೆ ಸರಿಸುತ್ತಾರೆ.